ಕಬ್ಬಿನ ತರಗಿನಿಂದ ಡೀಸೆಲ್: ಯಂತ್ರಕ್ಕೆ ಮುಂಗಡ ಕೊಡುವ ಮುನ್ನ

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಕಬ್ಬು ಬೆಳೆಗಾರ. ನಾಲೆ ನೀರಿನ ನಾಲ್ಕು ಎಕರೆ ಜಮೀನಿದೆ. ಕಟಾವಾದ ಮೇಲೆ ಊರಿನ ಎಲ್ಲರಂತೆ ನಾವೂ ತರಗಿಗೆ ಬೆಂಕಿ ಹಚ್ಚುತ್ತೇವೆ. ಹೋದ ತಿಂಗಳು ಒಬ್ಬರು ಊರಿಗೆ ಬಂದಿದ್ದರು. ತರಗು, ತೆಂಗಿನ ಗರಿ, ಭತ್ತದ ಹುಲ್ಲು, ಏನು ಹಾಕಿದರೂ ಡೀಸೆಲ್ ಕೊಡುವ ಯಂತ್ರವಿದೆ ಎಂದು ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದರು. ಒಂದು ಟನ್ ತರಗಿಗೆ 600 ಲೀಟರ್ ಬರುತ್ತದಂತೆ. ಯಂತ್ರಕ್ಕೆ 18 ಲಕ್ಷ ರೂಪಾಯಿ. ಐದು ಜನ ಗೆಳೆಯರು ಸೇರಿ ಸಾಲ ತೆಗೆದು ಕೊಳ್ಳೋಣ ಎಂದುಕೊಂಡಿದ್ದೇವೆ. ಇದು ಆಗುವ ಕೆಲಸವೇ? ಆಗುವುದಾದರೆ ಸಕ್ಕರೆ ಕಾರ್ಖಾನೆಯವರೇ ಏಕೆ ಮಾಡುತ್ತಿಲ್ಲ?

ಉತ್ತರ: ಮೊದಲು ಒಂದು ಮಾತು. ಈ ಉತ್ತರವನ್ನು ಪೂರ್ತಿ ಓದುವವರೆಗೆ ಯಾರಿಗೂ ಮುಂಗಡ ಕೊಡಬೇಡಿ. ಕೊಟ್ಟಿದ್ದರೆ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ತರಗಿನಿಂದ ವಾಹನಕ್ಕೆ ಹಾಕುವ ದ್ರವ ಇಂಧನ ತಯಾರಿಸಬಹುದು, ಅದು ಸುಳ್ಳಲ್ಲ. ನಾನು ಮೈಸೂರಿನಲ್ಲಿ ಈ ಕೆಲಸಕ್ಕೇ ವರ್ಷಗಟ್ಟಲೆ ಕೂತವನು. ಆದರೆ ನಿಮಗೆ ಹೇಳಿರುವ ಲೆಕ್ಕ ಸುಳ್ಳು. ಅದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಒಂದು ಗುಣಾಕಾರ ಸಾಕು.

ಚೆನ್ನಾಗಿ ಒಣಗಿದ ಒಂದು ಕಿಲೋ ತರಗನ್ನು ಉರಿಸಿದರೆ ಸುಮಾರು 16 ಮೆಗಾಜೂಲ್ ಶಾಖ ಬರುತ್ತದೆ. ಮೆಗಾಜೂಲ್ ಎಂದರೆ ಶಕ್ತಿಯನ್ನು ಅಳೆಯುವ ಒಂದು ಸೇರು ಎಂದುಕೊಳ್ಳಿ. ಒಂದು ಟನ್ ತರಗಿನಲ್ಲಿ ಇಂಥ 16,000 ಸೇರು ಶಕ್ತಿ ಇದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಇರುವುದು ಸುಮಾರು 36 ಸೇರು. 600 ಲೀಟರ್ ಎಂದರೆ 21,600. ಹದಿನಾರು ಸಾವಿರ ಇರುವ ಕಣಜದಿಂದ ಇಪ್ಪತ್ತೊಂದೂವರೆ ಸಾವಿರ ಅಳೆದುಕೊಡುತ್ತೇನೆ ಎನ್ನುತ್ತಿದ್ದಾರೆ ಆ ಮನುಷ್ಯ. ಡೈರಿಗೆ ಹತ್ತು ಲೀಟರ್ ಹಾಲು ಹಾಕಿ ಹದಿಮೂರೂವರೆ ಲೀಟರಿಗೆ ಚೀಟಿ ಬರೆಸಿಕೊಂಡ ಹಾಗೆ. ಯಂತ್ರ ಒಂದಿಷ್ಟೂ ಶಕ್ತಿ ಸೋರಿಸದೆ ಎಲ್ಲವನ್ನೂ ಡೀಸೆಲ್ ಆಗಿ ಮಾಡಿದರೂ 444 ಲೀಟರ್ ದಾಟಲಾಗದು. ಅಂಥ ಯಂತ್ರವೂ ಲೋಕದಲ್ಲಿ ಇಲ್ಲ. ದೊಡ್ಡ ಬಂಡವಾಳದ, ಎಲ್ಲ ಸೌಕರ್ಯವಿರುವ ಸ್ಥಾವರಗಳಲ್ಲೇ ಮೂಲವಸ್ತುವಿನ ಶಕ್ತಿಯ ಅರ್ಧ ಭಾಗವನ್ನು ದ್ರವಕ್ಕೆ ತರುವುದು ಕಷ್ಟ. ಉಳಿದದ್ದು ಬಿಸಿಯಾಗಿ, ಅನಿಲವಾಗಿ, ಇದ್ದಿಲಾಗಿ ಹೋಗುತ್ತದೆ.

ಆದ್ದರಿಂದ 18 ಲಕ್ಷದ ಪ್ರಶ್ನೆಗೆ ಉತ್ತರ: ಬೇಡ. ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಕಾರ್ಖಾನೆಯವರು ಏಕೆ ಮಾಡುತ್ತಿಲ್ಲ ಎಂಬುದು. ಅದು ಬಹಳ ಒಳ್ಳೆಯ ಪ್ರಶ್ನೆ, ಅದಕ್ಕೆ ಸ್ವಲ್ಪ ನಿಧಾನವಾಗಿಯೇ ಉತ್ತರಿಸುತ್ತೇನೆ.

ಕಬ್ಬಿನ ಗದ್ದೆಯೊಳಗೆ ತೋಳಿಲ್ಲದ ಅಂಗಿ ತೊಟ್ಟು ನುಗ್ಗಿದವರ ಮೈಮೇಲೆ ಕೂದಲೆಳೆಯಷ್ಟು ತೆಳುವಾದ ಗೀರುಗಳು ಬೀಳುತ್ತವೆ. ಸಂಜೆ ಸ್ನಾನದ ಬಿಸಿನೀರು ತಾಗಿದಾಗಲೇ ಅವು ಎಷ್ಟಿವೆ ಎಂದು ಗೊತ್ತಾಗುವುದು. ಒಂದು ಸೋಗೆಯನ್ನು ಕಿತ್ತು, ಅಂಚಿನ ಮೇಲೆ ತುದಿಯಿಂದ ಬುಡದ ಕಡೆಗೆ ಬೆರಳನ್ನು ಹಗುರವಾಗಿ ಎಳೆದು ನೋಡಿ, ಗರಗಸದ ಹಾಗೆ ತಡೆಯುತ್ತದೆ. ಆ ಹಲ್ಲುಗಳನ್ನು ಗಟ್ಟಿ ಮಾಡಿರುವುದು ಸಿಲಿಕಾ, ಅಂದರೆ ಮರಳಿನಲ್ಲಿ ಇರುವ ವಸ್ತುವೇ. ಗಿಡ ಅದನ್ನು ಮಣ್ಣಿನ ನೀರಿನಿಂದ ಹೀರಿ ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಭತ್ತದ ಹುಲ್ಲಿನಲ್ಲಿ ಇದು ಇನ್ನೂ ಹೆಚ್ಚು. ನಿಮ್ಮ ತೋಳನ್ನು ಗೀರಿದ ಸಿಲಿಕಾ ಕಾರ್ಖಾನೆಯ ಕತ್ತರಿಸುವ ಅಲಗುಗಳನ್ನು ಸವೆಸುತ್ತದೆ, ತಿರುಗುವ ಸ್ಕ್ರೂಗಳನ್ನು ತಿನ್ನುತ್ತದೆ, ಬೂದಿಯಲ್ಲಿರುವ ಪೊಟ್ಯಾಷ್ ಜೊತೆ ಕರಗಿ ಬಾಯ್ಲರ್ ಕೊಳವೆಗಳಿಗೆ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಗೆಲ್ಲಬೇಕಾದ ಎದುರಾಳಿಗಳಲ್ಲಿ ಇದು ಚಿಕ್ಕದು.

ದೊಡ್ಡದು ಲಿಗ್ನಿನ್. ಒಣ ತರಗಿನ ತೂಕದಲ್ಲಿ ಸುಮಾರು 40 ಭಾಗ ಸೆಲ್ಯುಲೋಸ್, 25 ಭಾಗ ಹೆಮಿಸೆಲ್ಯುಲೋಸ್, 20 ಭಾಗ ಲಿಗ್ನಿನ್, ಮಿಕ್ಕಿದ್ದು ಬೂದಿ ಮತ್ತಿತರ ವಸ್ತು. ಸೆಲ್ಯುಲೋಸ್ ಎಂದರೆ ಗ್ಲೂಕೋಸ್ ಸಕ್ಕರೆಯ ಉದ್ದನೆಯ ಸರ. ಅಕ್ಕಿ, ರಾಗಿಯ ಪಿಷ್ಟವೂ ಗ್ಲೂಕೋಸಿನ ಸರವೇ. ಪೋಣಿಸಿದ ರೀತಿ ಮಾತ್ರ ಬೇರೆ. ಪಿಷ್ಟದ ಸರ ಸಡಿಲ, ನಮ್ಮ ಬಾಯಿಯ ಎಂಜಲೇ ಅದನ್ನು ಕತ್ತರಿಸಲು ಶುರು ಮಾಡುತ್ತದೆ. ಸೆಲ್ಯುಲೋಸಿನ ಸರಗಳು ಒಂದರ ಪಕ್ಕ ಒಂದು ಬಿಗಿಯಾಗಿ ಕೂತು ಹಗ್ಗವಾಗಿವೆ. ಹಗ್ಗಗಳ ಸುತ್ತ ಹೆಮಿಸೆಲ್ಯುಲೋಸ್ ನಾರಿನ ಹಾಗೆ ಸುತ್ತಿಕೊಂಡಿದೆ, ಅದರ ಮೇಲೆ ಲಿಗ್ನಿನ್ ಗಾರೆಯ ಹಾಗೆ ಮೆತ್ತಿಕೊಂಡಿದೆ. ಸಕ್ಕರೆ ಒಳಗಿದೆ, ಬೀಗ ಹೊರಗಿದೆ.

ಈ ಬೀಗ ತೆಗೆಯುವುದನ್ನು ನೀವು ದಿನವೂ ನೋಡುತ್ತೀರಿ. ನಿಮ್ಮ ಕೊಟ್ಟಿಗೆಯ ಹಸು ಹುಲ್ಲನ್ನು ತಿಂದು, ಮತ್ತೆ ಬಾಯಿಗೆ ತಂದು ಮೆಲುಕು ಹಾಕಿ ನುಣ್ಣಗೆ ಅರೆದು, ಹೊಟ್ಟೆಯ ದೊಡ್ಡ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿಗೆ ಒಪ್ಪಿಸುತ್ತದೆ. ಅವು ಒಂದೆರಡು ದಿನ ದುಡಿದು ಸೆಲ್ಯುಲೋಸಿನಲ್ಲಿ ಕೈಗೆಟುಕಿದಷ್ಟನ್ನು ಒಡೆಯುತ್ತವೆ. ಲಿಗ್ನಿನ್ ಮಾತ್ರ ಹೆಚ್ಚು ಕಡಿಮೆ ಹಾಗೆಯೇ ಸಗಣಿಯಲ್ಲಿ ಹೊರಬರುತ್ತದೆ. ಕೋಟ್ಯಂತರ ವರ್ಷ ಇದೇ ಕಸುಬಿನಲ್ಲಿ ಪಳಗಿದ ಪ್ರಾಣಿಗೇ ಇಷ್ಟು ಹೊತ್ತು ಹಿಡಿಯುವ ಕೆಲಸವನ್ನು ಒಂದು ಡ್ರಮ್ಮು, ಒಂದು ಬರ್ನರ್ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ ಎಂದರೆ ಅನುಮಾನ ಬರಲೇಬೇಕು.

ಕಾರ್ಖಾನೆಯಲ್ಲಿ ಇದನ್ನು ಹೇಗೆ ಮಾಡುತ್ತಾರೆ? ಕತ್ತರಿಸಿ ತೊಳೆದ ಹುಲ್ಲನ್ನು ತೆಳು ಆಮ್ಲದೊಂದಿಗೆ 160ರಿಂದ 200 ಡಿಗ್ರಿ ಉಗಿಯಲ್ಲಿ ಒತ್ತಡದ ಪಾತ್ರೆಯೊಳಗೆ ಬೇಯಿಸಿ, ಕೆಲವು ವಿಧಾನಗಳಲ್ಲಿ ಒತ್ತಡವನ್ನು ಒಮ್ಮೆಲೇ ಬಿಡುತ್ತಾರೆ. ಒಳಗಿನ ನೀರು ಫಕ್ಕನೆ ಆವಿಯಾಗಿ ನಾರನ್ನು ಸಿಡಿಸುತ್ತದೆ, ಗಾರೆ ಸಡಿಲವಾಗುತ್ತದೆ. ಇಲ್ಲಿ ಶಾಖ ಸ್ವಲ್ಪ ಹೆಚ್ಚಾದರೂ ಸಕ್ಕರೆಯೇ ಸುಟ್ಟು ಫರ್‌ಫ್ಯೂರಲ್ ಎಂಬ ವಸ್ತುವಾಗುತ್ತದೆ, ಮುಂದೆ ಯೀಸ್ಟ್‌ಗೆ ಅದು ವಿಷ. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಹದ ತಪ್ಪಿದರೆ ಬೆಲ್ಲ ಕಪ್ಪಾಗುತ್ತದಲ್ಲ, ಹಾಗೆ. ಆಮೇಲೆ ಕಿಣ್ವ, ಅಂದರೆ ಸೆಲ್ಯುಲೋಸನ್ನು ಕತ್ತರಿಸಲು ಸೂಕ್ಷ್ಮಜೀವಿಗಳು ಸ್ರವಿಸುವ ವಸ್ತುವನ್ನು ಸೇರಿಸಿ ಸುಮಾರು 50 ಡಿಗ್ರಿಯಲ್ಲಿ ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಇಡುತ್ತಾರೆ. ಸರ ಕತ್ತರಿಸಿ ಸಕ್ಕರೆ ನೀರಾಗುತ್ತದೆ. ಆ ನೀರನ್ನು ಯೀಸ್ಟ್ ಹುದುಗಿಸುತ್ತದೆ, ಬಳಿಕ ಭಟ್ಟಿ ಇಳಿಸಿ ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರ ತೆಗೆಯುತ್ತಾರೆ.

ಆ ಕಿಣ್ವದ ಕಥೆ ನಿಮಗೆ ಹೇಳಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರ ಹತ್ತಿಬಟ್ಟೆಯ ಡೇರೆಗಳು ಕಣ್ಣೆದುರೇ ಕೊಳೆತು ಹರಿದು ಬೀಳುತ್ತಿದ್ದವು. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಅದನ್ನು ತಿನ್ನುತ್ತಿದ್ದ ಶಿಲೀಂಧ್ರವನ್ನು ಪ್ರಯೋಗಾಲಯಕ್ಕೆ ತಂದು ಬೆಳೆಸಿದರು. ಅದರ ಮೇಲೆ ದುಡಿದ ಎಲ್ವಿನ್ ರೀಸ್ ಅವರ ಹೆಸರಿನಿಂದ ಅದಕ್ಕೆ ಟ್ರೈಕೋಡರ್ಮಾ ರೀಸಿ ಎಂದು ಕರೆದರು. ಇಂದು ಜಗತ್ತಿನಲ್ಲಿ ಹುಲ್ಲಿನಿಂದ ಎಥನಾಲ್ ಮಾಡಲು ಬಳಸುವ ಕಿಣ್ವದ ಬಹುಪಾಲು ಬರುವುದು ಆ ಒಂದು ಡೇರೆಯ ಬೂಷ್ಟಿನ ವಂಶದಿಂದ. ಟ್ರೈಕೋಡರ್ಮಾ ಎಂಬ ಹೆಸರು ನಿಮಗೆ ಹೊಸದಲ್ಲ. ಶುಂಠಿ, ಅಡಿಕೆ, ತರಕಾರಿಯ ಬೇರುಕೊಳೆ ರೋಗಕ್ಕೆ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕುವ ಪುಡಿ ಇದರ ದಾಯಾದಿಯೇ.

ಈಗ ಇಳುವರಿ ನೋಡೋಣ. ಒಂದು ಟನ್ ಒಣ ತರಗಿನ 400 ಕಿಲೋ ಸೆಲ್ಯುಲೋಸ್ ಪೂರ್ತಿ ಒಡೆದರೆ ಸುಮಾರು 440 ಕಿಲೋ ಗ್ಲೂಕೋಸ್. ಯೀಸ್ಟ್ ಈ ಸಕ್ಕರೆಯ ತೂಕದಲ್ಲಿ ಅರ್ಧವನ್ನಷ್ಟೇ ಎಥನಾಲ್ ಮಾಡುತ್ತದೆ, ಮಿಕ್ಕ ಅರ್ಧ ಇಂಗಾಲದ ಡೈಆಕ್ಸೈಡ್ ಆಗಿ ಗುಳ್ಳೆಗಳಲ್ಲಿ ಹಾರಿಹೋಗುತ್ತದೆ. ಇದು ಯೀಸ್ಟಿನ ಸೋಮಾರಿತನವಲ್ಲ, ರಸಾಯನದ ಕಟ್ಟಳೆ. ಹೀಗೆ 225 ಕಿಲೋ, ಅಂದರೆ 285 ಲೀಟರ್. ಹೆಮಿಸೆಲ್ಯುಲೋಸಿನಿಂದ ಬರುವ ಸಕ್ಕರೆಯನ್ನು ಸಾಮಾನ್ಯ ಯೀಸ್ಟ್ ಮುಟ್ಟುವುದಿಲ್ಲ, ಅದಕ್ಕೆ ಬೇರೆ ತಳಿ ಬೇಕು. ಇದೆಲ್ಲ ಕಾಗದದ ಲೆಕ್ಕ.

ನೆಲದ ಮೇಲಿನ ಲೆಕ್ಕಕ್ಕೆ ಹರಿಯಾಣದ ಪಾಣಿಪತ್‌ಗೆ ಹೋಗಬೇಕು. ಅಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ 900 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ಮಾಡುವ ಸ್ಥಾವರ ಕಟ್ಟಿದೆ. 2022ರ ಆಗಸ್ಟ್ 10ರಂದು ಅದರ ಉದ್ಘಾಟನೆಯಾಯಿತು. ತಂತ್ರಜ್ಞಾನ ಪುಣೆಯ ಪ್ರಾಜ್ ಸಂಸ್ಥೆಯದು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲು, 3 ಕೋಟಿ ಲೀಟರ್ ಎಥನಾಲ್ ಎಂದು ಗುರಿ ಪ್ರಕಟಿಸಿದ್ದಾರೆ. ಭಾಗಿಸಿ ನೋಡಿ: ಟನ್ನಿಗೆ 150 ಲೀಟರ್. ಎಥನಾಲ್ ಒಂದು ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ ಮಾತ್ರ ಇರುವುದರಿಂದ ಅದು 100 ಲೀಟರ್ ಪೆಟ್ರೋಲಿಗೆ ಸಮ. ದೇಶದ ದೊಡ್ಡ ತೈಲ ಸಂಸ್ಥೆ ನೂರಾರು ಕೋಟಿ ಸುರಿದು ಟನ್ನಿಗೆ ಇಟ್ಟುಕೊಂಡ ಗುರಿ ಇಷ್ಟು. ಇದನ್ನು ನಿಮಗೆ ಹೇಳಿದ 600ರ ಪಕ್ಕದಲ್ಲಿಟ್ಟು ನೋಡಿ.

ಇನ್ನು ನಮ್ಮ ಕಡೆಯ ಕಾರ್ಖಾನೆಗಳ ವಿಷಯ. ಅವರ ಬಳಿ ಬೀಗವಿಲ್ಲದ ಸಕ್ಕರೆಯೇ ಇರುವಾಗ ಬೀಗ ಹಾಕಿದ ಸಕ್ಕರೆಯ ಗೊಡವೆಗೆ ಏಕೆ ಹೋಗಬೇಕು? ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಲ್ಲಿ ಸಕ್ಕರೆ ಇನ್ನೂ ಸಿದ್ಧವಾಗಿಯೇ ಇದೆ. ನೀರು ಬೆರೆಸಿ ಯೀಸ್ಟ್ ಹಾಕಿದರೆ ಮರುದಿನಕ್ಕೆ ಹುದುಗಿರುತ್ತದೆ. ಒಂದು ಟನ್ ಕಬ್ಬಿನ ಕೊನೆಯ ಕಾಕಂಬಿಯಿಂದ ಹತ್ತು ಹನ್ನೊಂದು ಲೀಟರ್ ಎಥನಾಲ್ ಬರುತ್ತದೆ. ಹಾಲನ್ನೇ, ಅಂದರೆ ಕಬ್ಬಿನ ರಸವನ್ನೇ ನೇರವಾಗಿ ಹುದುಗಿಸಿದರೆ ಸುಮಾರು 70 ಲೀಟರ್. ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಯೋಚನೆಯೂ ನಿನ್ನೆ ಮೊನ್ನೆಯದಲ್ಲ. 1948ರಲ್ಲೇ ಭಾರತದಲ್ಲಿ ಪವರ್ ಆಲ್ಕೊಹಾಲ್ ಕಾಯ್ದೆ ಬಂದಿತ್ತು. 2014ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ ಒಂದೂವರೆ ಭಾಗ ಇದ್ದ ಎಥನಾಲ್ 2025ಕ್ಕೆ 20 ಭಾಗಕ್ಕೆ ಏರಿದೆ. ಅದರ ಬಹುಪಾಲು ಬಂದದ್ದು ಕಬ್ಬು ಮತ್ತು ಧಾನ್ಯದಿಂದ, ಹುಲ್ಲಿನಿಂದಲ್ಲ.

ಗಾಣದಿಂದ ಬರುವ ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ ಕೂಡ ಕಾರ್ಖಾನೆಯಲ್ಲಿ ಬಿಟ್ಟಿ ಬಿದ್ದಿಲ್ಲ. ಅರೆದ ಕಬ್ಬಿನ ತೂಕದಲ್ಲಿ ಸುಮಾರು 30 ಭಾಗ ರಚ್ಚು, ಅದರಲ್ಲಿ ಅರ್ಧ ನೀರು. ಅದನ್ನೇ ಬಾಯ್ಲರ್‌ಗೆ ಹಾಕಿ ಉಗಿ ಮಾಡಿ, ವಿದ್ಯುತ್ ತಯಾರಿಸಿ, ಮಿಕ್ಕದ್ದನ್ನು ಮಾರುತ್ತಾರೆ. ಆಲೆಮನೆಯವರಿಗೂ ಅದೇ ಉರುವಲು.

ಹಾಗಾದರೆ ಗದ್ದೆಯಲ್ಲಿ ಉಳಿಯುವ ತರಗು? ಅಲ್ಲಿ ತೊಡಕು ರಸಾಯನದ್ದಷ್ಟೇ ಅಲ್ಲ, ಸಾಗಣೆಯದೂ ಹೌದು. ಪಾಣಿಪತ್‌ನಂಥ ಸ್ಥಾವರವನ್ನು ಮದ್ದೂರಿನ ಬಳಿ ಕಟ್ಟಿದರೆಂದು ಊಹಿಸಿಕೊಳ್ಳಿ. ಎಕರೆಗೆ ಮೂರು ಟನ್ನಿನಷ್ಟು ಒಣ ತರಗು ಸಿಗುತ್ತದೆ. ಅರ್ಧವನ್ನು ಮಣ್ಣಿಗೆ ಬಿಟ್ಟು ಒಂದೂವರೆ ಟನ್ ಎತ್ತಿದರೆ, ವರ್ಷಕ್ಕೆ 2 ಲಕ್ಷ ಟನ್ನಿಗೆ 1 ಲಕ್ಷದ 33 ಸಾವಿರ ಎಕರೆ ಕಬ್ಬಿನ ತರಗು ಬೇಕು. ವರ್ಷಕ್ಕೆ 330 ದಿನ ಓಡಿದರೆ ದಿನಕ್ಕೆ ಸುಮಾರು 600 ಟನ್. ಸಡಿಲ ತರಗನ್ನು ಟ್ರೇಲರ್‌ಗೆ ಆಳೆತ್ತರ ತುಂಬಿ ಹಗ್ಗ ಬಿಗಿದರೂ ಒಂದು ಟನ್ ದಾಟುವುದು ಕಷ್ಟ. ಯಂತ್ರದಲ್ಲಿ ಸುತ್ತಿಸಿ ಎರಡು ಟನ್ ಹೇರಿದರೂ ದಿನಕ್ಕೆ 300 ಟ್ರ್ಯಾಕ್ಟರ್ ಬಾಗಿಲಿಗೆ ಬರಬೇಕು. ಕಟಾವಿನ ಕಾಲ ಕೆಲವು ತಿಂಗಳು, ಸ್ಥಾವರ ಓಡಬೇಕಾದ್ದು ವರ್ಷವಿಡೀ. ಬೆಟ್ಟದಂಥ ಬಣವೆಗಳನ್ನು ಮಳೆಯಿಂದ, ಬೀಡಿಯ ಕಿಡಿಯಿಂದ ಕಾಯಬೇಕು. ಹುಲ್ಲಿನಿಂದ ಇಂಧನ ಎಂಬ ಕನಸು ಬಹಳ ಕಡೆ ಮುರಿದು ಬಿದ್ದದ್ದು ಕಾರ್ಖಾನೆಯ ಒಳಗಲ್ಲ, ಗೇಟಿನ ಹೊರಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗದ್ದೆಯಿಂದ ತರಗು ಎತ್ತುವವನಿಗೆ ಟನ್ನಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸದೆ ಯೋಜನೆ ಬರೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಭತ್ತದ ಹುಲ್ಲಿನ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಪಂಜಾಬ್, ಹರಿಯಾಣದಲ್ಲಿ ಅದನ್ನು ಸುಡುತ್ತಾರೆ, ಆದ್ದರಿಂದ ಅಲ್ಲಿ ಸ್ಥಾವರ ಬಂತು. ಮಂಡ್ಯದಲ್ಲಿ ಅದು ತ್ಯಾಜ್ಯವಲ್ಲ, ಮೇವು. ಹಾಲಿನಿಂದ ಸಂಸಾರ ತೂಗಿಸುವ ಮನೆಗಳಿರುವ ಜಿಲ್ಲೆಯಲ್ಲಿ ಹಸುವಿನ ಮುಂದಿನ ಹುಲ್ಲನ್ನು ಯಂತ್ರಕ್ಕೆ ಹಾಕಿ ಎಂದು ಯಾರೇ ಹೇಳಿದರೂ ಕೇಳಬೇಡಿ.

ಈಗ ವಿಡಿಯೊಗೆ ಬರುತ್ತೇನೆ. ನೀವು ನೋಡಿದ್ದು ಬಹುಶಃ ಪೈರಾಲಿಸಿಸ್ ಯಂತ್ರ. ಗಾಳಿ ಸೋಕದಂತೆ ಮುಚ್ಚಿದ ಪಾತ್ರೆಯಲ್ಲಿ ತರಗನ್ನು ಸುಮಾರು 500 ಡಿಗ್ರಿಗೆ ಕಾಯಿಸಿದರೆ ಅದು ಉರಿಯುವುದಿಲ್ಲ, ಒಡೆಯುತ್ತದೆ. ಹೊರಬರುವ ಹೊಗೆಯನ್ನು ತಣ್ಣೀರಿನ ಕೊಳವೆಯಲ್ಲಿ ಹಾಯಿಸಿದರೆ ಕಂದು ಬಣ್ಣದ ದ್ರವ ತೊಟ್ಟಿಕ್ಕುತ್ತದೆ. ಪಾತ್ರೆಯಲ್ಲಿ ಇದ್ದಿಲು ಉಳಿಯುತ್ತದೆ. ಒಂದೆರಡು ಸೆಕೆಂಡಿನಲ್ಲೇ ಹೊಗೆಯನ್ನು ತಣಿಸುವ ಒಳ್ಳೆಯ ಯಂತ್ರದಲ್ಲಿ ಕಟ್ಟಿಗೆಯ ತೂಕದ 60ರಿಂದ 75 ಭಾಗ ದ್ರವವಾಗುತ್ತದೆ. ಬೂದಿ ಹೆಚ್ಚಿರುವ ತರಗಿನಿಂದ ಅದಕ್ಕಿಂತ ಕಡಿಮೆ. ನಿಮ್ಮ ವ್ಯಾಪಾರಿ 600 ಎಂದದ್ದು ಈ ದ್ರವವನ್ನೇ ಇರಬೇಕು. ಅದನ್ನು ಡೀಸೆಲ್ ಎಂದು ಕರೆದದ್ದೇ ತಪ್ಪು.

ಏಕೆ ತಪ್ಪು ಎಂಬುದನ್ನು ನಾನು ಕೈ ಸುಟ್ಟುಕೊಂಡೇ ಕಲಿತೆ. ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ತರಗು ಮತ್ತು ತೆಂಗಿನ ಚಿಪ್ಪಿನಿಂದ ಎರಡು ಲೀಟರಿನಷ್ಟು ಇಂಥ ಎಣ್ಣೆ ಇಳಿಸಿದೆವು. ಮುಚ್ಚಳ ತೆಗೆದರೆ ಆಲೆಮನೆಯ ಒಲೆಯ ಮುಂದೆ ಕೂತ ವಾಸನೆ, ಅದರ ಹಿಂದೆ ಹುಳಿಯ ಘಾಟು. ಸಂಭ್ರಮದಲ್ಲಿ ಎರಡು ಬಾಟಲಿ ತುಂಬಿ, ಒಂದಕ್ಕೆ ತಗಡಿನ ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟೆವು. ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ದ್ರವ ಎರಡು ಪದರವಾಗಿತ್ತು. ಮೇಲೆ ಚಹಾ ಬಣ್ಣದ ನೀರು, ಕೆಳಗೆ ಕೋಲಿನಿಂದ ಎತ್ತಿದರೆ ನೂಲು ಬರುವ ಡಾಂಬರು. ತಗಡಿನ ಮುಚ್ಚಳ ತಿರುಗಿಸಿದಾಗ ಅದರ ಅಂಚು ತುಕ್ಕಿನ ಪುಡಿಯಾಗಿ ಕೈಗೆ ಬಂತು. ಇನ್ನೊಂದು ಬಾಟಲಿಯ ಎಣ್ಣೆಯನ್ನು ಡೀಸೆಲ್ ಜೊತೆ ಕಲಕಿ ನೋಡಿದೆವು, ಸೇರಲೇ ಇಲ್ಲ.

ಕಾರಣ ಸರಳ. ಆ ದ್ರವದಲ್ಲಿ 15ರಿಂದ 30 ಭಾಗ ನೀರೇ ಇರುತ್ತದೆ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ಅದರಲ್ಲೂ ಇರುವುದರಿಂದ ಪಿಎಚ್ ಎರಡರಿಂದ ಮೂರು, ಅಂದರೆ ಬಲು ಹುಳಿ. ಕಿಲೋಗೆ ಸಿಗುವ ಶಕ್ತಿ ಡೀಸೆಲಿನ ನೂರಕ್ಕೆ ನಲವತ್ತು ಪಾಲು. ಇಟ್ಟಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಇದನ್ನು ಟ್ರ್ಯಾಕ್ಟರಿನ ಟ್ಯಾಂಕಿಗೆ ಹಾಕಿದರೆ ಮೊದಲು ಫಿಲ್ಟರ್, ಆಮೇಲೆ ಇಂಜೆಕ್ಟರ್ ಹೋಗುತ್ತದೆ, ಪಂಪ್ ಉಳಿಯುವುದಿಲ್ಲ. ನಿಜವಾದ ಡೀಸೆಲ್ ಮಾಡಬೇಕಾದರೆ ಇದರೊಳಗಿನ ಆಮ್ಲಜನಕವನ್ನು ಹೆಚ್ಚಿನ ಒತ್ತಡದ ಹೈಡ್ರೋಜನ್ ಅನಿಲದಿಂದ, ವೇಗವರ್ಧಕಗಳ ಮೇಲೆ ಹಾಯಿಸಿ ತೆಗೆಯಬೇಕು. ಅದು ತೈಲ ಶುದ್ಧೀಕರಣಾಗಾರದ ಕೆಲಸ. ಇನ್ನೊಂದು ದಾರಿ, ತರಗನ್ನು ಅನಿಲವಾಗಿಸಿ ಆ ಅನಿಲದಿಂದ ಡೀಸೆಲ್ ಕಟ್ಟುವುದು. ಜರ್ಮನಿಯ ಫಿಷರ್ ಮತ್ತು ಟ್ರಾಪ್ಷ್ 1920ರ ದಶಕದಲ್ಲಿ ಕಂಡುಹಿಡಿದದ್ದು. ವಿಜ್ಞಾನ ಗಟ್ಟಿಯಾಗಿದೆ, ಬಂಡವಾಳವೂ ಅಷ್ಟೇ ಗಟ್ಟಿಯಾಗಿ ಬೇಕು.

ವಿಡಿಯೊದಲ್ಲಿ ಹೊಂಬಣ್ಣದ ತಿಳಿ ಎಣ್ಣೆ ಬಂದು ಎಂಜಿನ್ ಓಡಿದ್ದರೆ ಎರಡು ಅನುಮಾನ. ಟ್ಯಾಂಕಿನಲ್ಲಿ ಮೊದಲೇ ಡೀಸೆಲ್ ಇದ್ದಿರಬಹುದು. ಇಲ್ಲವೇ ಪಾತ್ರೆಯೊಳಗೆ ತರಗಿನ ಜೊತೆ ಪ್ಲಾಸ್ಟಿಕ್ ಅಥವಾ ಟೈರ್ ಹಾಕಿರಬಹುದು. ಪ್ಲಾಸ್ಟಿಕ್ ಹುಟ್ಟಿದ್ದೇ ಪೆಟ್ರೋಲಿಯಂನಿಂದ, ಕಾಯಿಸಿದರೆ ಎಣ್ಣೆಯಾಗಿ ಮರಳುತ್ತದೆ. 1996ರಲ್ಲಿ ನೆರೆಯ ತಮಿಳುನಾಡಿನಲ್ಲಿ ಗಿಡಮೂಲಿಕೆ ಬೇಯಿಸಿ ಪೆಟ್ರೋಲ್ ತೆಗೆಯುತ್ತೇನೆ ಎಂದು ಒಬ್ಬರು ದೇಶವನ್ನೇ ಬೆರಗುಗೊಳಿಸಿದ್ದರು. ಕೊನೆಗೆ ಅದು ಪೆಟ್ರೋಲಿಯಂ ಉತ್ಪನ್ನಗಳ ಬೆರಕೆ ಎಂದಾಗಿ ಸಿಬಿಐ ಮೊಕದ್ದಮೆಯಾಯಿತು.

ಆ ವ್ಯಾಪಾರಿ ಮತ್ತೆ ಬಂದರೆ ಮೂರು ಸಂಗತಿ ಕೇಳಿ. ಅವರ ದ್ರವ ಡೀಸೆಲ್ ಆಗಿದ್ದರೆ ಐಎಸ್ 1460 ಎಂಬ ಭಾರತೀಯ ಮಾನಕಕ್ಕೆ ಸರಿಹೊಂದಬೇಕು, ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ತೋರಿಸಲಿ. ಎರಡನೆಯದು, ನಿಮ್ಮದೇ ಗದ್ದೆಯ ಒಂದು ಕ್ವಿಂಟಲ್ ತರಗನ್ನು ನೀವೇ ತೂಗಿ, ನೀವೇ ತುಂಬಿ, ಎಷ್ಟು ಇಳಿಯುತ್ತದೆ ಎಂದು ಐದು ಜನರೂ ನಿಂತು ನೋಡಿ. ಮೂರನೆಯದು, ಹಿಂದಿನ ವರ್ಷ ಕೊಂಡ ಒಬ್ಬ ರೈತರ ಊರು ಹೇಳಲಿ, ಬಸ್ ಹತ್ತಿ ಹೋಗಿ ಬನ್ನಿ. ಹುದುಗಿಸಿ ಎಥನಾಲ್ ಮಾಡುವ ಯಂತ್ರ ಎಂದು ಮಾತು ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ. ಪರವಾನಗಿ ಇಲ್ಲದೆ ಮದ್ಯಸಾರ ಭಟ್ಟಿ ಇಳಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ, ಇಂಧನಕ್ಕೆ ಎಂದರೂ ಬಿಡುವುದಿಲ್ಲ. ಮೇಲಾಗಿ ಸಾಮಾನ್ಯ ಭಟ್ಟಿಯಲ್ಲಿ ಎಷ್ಟು ಸಲ ಇಳಿಸಿದರೂ ಎಥನಾಲಿನಲ್ಲಿ ನಾಲ್ಕೈದು ಭಾಗ ನೀರು ಉಳಿದೇ ಉಳಿಯುತ್ತದೆ, ಪೆಟ್ರೋಲಿಗೆ ಬೆರೆಸಲು ಅದನ್ನೂ ತೆಗೆಯುವ ಬೇರೆ ಉಪಕರಣ ಬೇಕು.

ಹಳ್ಳಿಯ ಅಳತೆಗೆ ಒಗ್ಗುವ ದ್ರವ ಇಂಧನ ಯಾವುದೂ ಇಲ್ಲವೇ ಎಂದರೆ ಒಂದಿದೆ, ಅದು ತರಗಿನಲ್ಲಿಲ್ಲ, ನಿಮ್ಮ ಬದುವಿನ ಹೊಂಗೆ ಮರದಲ್ಲಿದೆ. ಗದ್ದೆಗೆ ಸೊಪ್ಪು ತುಳಿಯಲು, ದೀಪಕ್ಕೆ ಎಣ್ಣೆ ಹಾಕಲು ನಮ್ಮ ಹಿರಿಯರು ಬೆಳೆಸಿದ ಮರ. ಬೀಜದ ತೂಕದ ಕಾಲು ಭಾಗದಷ್ಟು ಎಣ್ಣೆ ಗಾಣದಲ್ಲಿ ಬರುತ್ತದೆ, ಹಿಂಡಿ ಗದ್ದೆಗೆ ಒಳ್ಳೆಯ ಗೊಬ್ಬರ. ಎಣ್ಣೆಯಲ್ಲಿ ಸೆಲ್ಯುಲೋಸಿನ ಬೀಗದ ರಗಳೆ ಇಲ್ಲ. ಮೆಥನಾಲ್ ಮತ್ತು ಕ್ಷಾರ ಸೇರಿಸಿ 60 ಡಿಗ್ರಿಯ ಆಸುಪಾಸಿನಲ್ಲಿ ಕಲಕಿದರೆ ಗ್ಲಿಸರಿನ್ ಕೆಳಗೆ ಇಳಿದು ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದಲೇ ಎಂಜಿನ್ ಓಡಿಸಿ ತೋರಿಸಿದ್ದರು. ಹಾಸನದ ಬಳಿ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಸ್ಥಾಪಿಸಿದ ಜೈವಿಕ ಇಂಧನ ಉದ್ಯಾನವಿದೆ. ಐದು ಜನರೂ ಒಂದು ದಿನ ಹೋಗಿ ನೋಡಿ ಬರುವುದು 18 ಲಕ್ಷಕ್ಕಿಂತ ಬಹಳ ಅಗ್ಗ. ಆದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಮೆಥನಾಲ್ ಕುಡಿದರೆ ಕಣ್ಣು, ಪ್ರಾಣ ಎರಡೂ ಹೋಗುತ್ತವೆ, ಅದರ ಆವಿಗೆ ಬೆಂಕಿ ಹತ್ತಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ.

ಇನ್ನು ನೀವು ಸುಡುತ್ತಿರುವ ತರಗು. ಅದರಲ್ಲಿ ನೂರು ಕಿಲೋಗೆ ಅರ್ಧ ಕಿಲೋದ ಹತ್ತಿರ ಸಾರಜನಕ ಇದೆ. ಎಕರೆಗೆ ಮೂರು ಟನ್ ಎಂದರೂ ಹದಿನಾಲ್ಕು ಹದಿನೈದು ಕಿಲೋ ಸಾರಜನಕ, ಅಂದರೆ 45 ಕಿಲೋ ಯೂರಿಯಾ ಚೀಲದ ಮುಕ್ಕಾಲು ಪಾಲಿನ ಹತ್ತಿರ. ಬೆಂಕಿ ಇಟ್ಟರೆ ಅದು ಹೊಗೆಯಾಗಿ ಹೋಗುತ್ತದೆ. ಅದರ ಜೊತೆ ಮೇಲ್ಮಣ್ಣಿನ ಜೀವವೂ ಬೇಯುತ್ತದೆ. ನಾನು ಹುಟ್ಟಿದ್ದು ಶ್ರೀರಂಗಪಟ್ಟಣದ ಸೀಮೆಯಲ್ಲಿ. ತರಗಿಗೆ ಬೆಂಕಿ ಬಿದ್ದ ಸಂಜೆ ಅಮ್ಮ ಒಗೆದು ಹಾಕಿದ ಬಿಳಿ ಪಂಚೆಗಳ ಮೇಲೆ ಕರಿಯ ಎಳೆಗಳು ಬಂದು ಕೂರುತ್ತಿದ್ದವು, ಮುಟ್ಟಿದರೆ ಮಸಿ. ಆ ಎಳೆಗಳು ನಮ್ಮ ಗದ್ದೆಯ ಗೊಬ್ಬರ ಎಂದು ಆಗ ಯಾರೂ ನಮಗೆ ಹೇಳಿರಲಿಲ್ಲ.

ಕೂಳೆ ಬೆಳೆ ಬಿಡುವುದಾದರೆ ತರಗನ್ನು ಸಾಲು ಬಿಟ್ಟು ಸಾಲಿಗೆ ಹರಡಿ. ತರಗು ಹರಡಿದ ಸಾಲಿನಲ್ಲಿ ತೇವ ನಿಲ್ಲುತ್ತದೆ, ನಾಲೆ ನೀರು ತಡವಾದ ವಾರಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಳೆಯೂ ಕಡಿಮೆ. ಕೊಳೆಯಲು ಶುರುವಾದಾಗ ತರಗು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಕೂಳೆ ಹಳದಿಯಾಗುವುದುಂಟು. ಬಹಳ ಜನ ಒಂದೇ ವರ್ಷಕ್ಕೆ ಕೈಬಿಡುವುದು ಇದನ್ನು ಕಂಡೇ. ಅದಕ್ಕೆ ಮಹಾರಾಷ್ಟ್ರದ ಕಬ್ಬು ಸೀಮೆಯಲ್ಲಿ ಟನ್ ತರಗಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಎಂದು ಅಳತೆ ಇಟ್ಟುಕೊಂಡಿದ್ದಾರೆ. ನಿಮ್ಮ ಮಣ್ಣಿಗೆ ಎಷ್ಟು ಎಂಬುದನ್ನು ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿ.

ಐದು ಜನ ಸೇರಿ ದುಡಿಯುವ ಹುಮ್ಮಸ್ಸು ನಿಮ್ಮಲ್ಲಿರುವುದು ನನಗೆ ನಿಜಕ್ಕೂ ಸಂತೋಷ ತಂದಿದೆ, ಅದನ್ನು ಸುಮ್ಮನೆ ಆರಿಸಿ ಕಳಿಸಲು ನನಗೆ ಮನಸ್ಸಿಲ್ಲ. ತರಗಿನಿಂದ ಹಣ ಮಾಡಲೇಬೇಕೆಂದಿದ್ದರೆ ಡೀಸೆಲ್ ಬಿಟ್ಟು ಉರುವಲಿನ ಕಡೆ ನೋಡಿ. ಸುತ್ತಲಿನ ಕೆಲವು ಆಲೆಮನೆಗಳಲ್ಲಿ ರಚ್ಚು ಸಾಲದಾದಾಗ ಹಳೆಯ ಟೈರು, ಪ್ಲಾಸ್ಟಿಕ್ ಉರಿಸುವುದನ್ನು ನೀವೂ ಕಂಡಿರುತ್ತೀರಿ. ಆ ಹೊಗೆ ಬೆಲ್ಲದ ಹೆಸರನ್ನೂ ಊರಿನ ಮಕ್ಕಳ ಎದೆಯನ್ನೂ ಕೆಡಿಸುತ್ತದೆ. ಬಾಡಿಗೆಯ ಹುಲ್ಲು ಸುತ್ತುವ ಯಂತ್ರದಲ್ಲಿ ತರಗನ್ನು ಹದಿನೈದು ಇಪ್ಪತ್ತು ಕಿಲೋದ ಸುರುಳಿ ಮಾಡಿಸಿ ಐದು ಕಿಲೋಮೀಟರ್ ಒಳಗಿನ ಆಲೆಮನೆಗೆ ತಲುಪಿಸುವ ಲೆಕ್ಕ ಹಾಕಿ ನೋಡಿ. ಅಲ್ಲಿ ತರಗಿನ ಶಕ್ತಿಯನ್ನು ದ್ರವ ಮಾಡುವ ನಷ್ಟವಿಲ್ಲ, ಸಾಗಣೆ ದೂರವಿಲ್ಲ, ಕೊಳ್ಳುವವನು ಪಕ್ಕದ ಊರಿನವನು. ಯಂತ್ರ ಬಾಡಿಗೆ, ಕೂಲಿ, ಡೀಸೆಲ್ ಕಳೆದು ಟನ್ನಿಗೆ ಏನು ಉಳಿಯುತ್ತದೆ ಎಂಬುದು ಒಂದು ಎಕರೆಯಲ್ಲಿ ಪ್ರಯತ್ನಿಸಿದರೆ ತಿಳಿದುಹೋಗುತ್ತದೆ, ಅದಕ್ಕೆ ಸಾಲ ಬೇಕಿಲ್ಲ.

ಅದಕ್ಕೂ ಮುಂಚೆ ಈ ಸಲದ ಕಟಾವಿನಲ್ಲಿ ಒಂದು ಕೆಲಸ ಮಾಡಿ. ಗದ್ದೆಯ ನಡುವೆ ಒಂದು ಗುಂಟೆ ಅಳೆದು ನಾಲ್ಕು ಗೂಟ ಹೊಡೆಯಿರಿ. ಅಷ್ಟರೊಳಗಿನ ತರಗನ್ನು ನಾಲ್ಕು ದಿನ ಬಿಸಿಲಿಗೆ ಬಿಟ್ಟು, ಗೋಣಿಚೀಲಕ್ಕೆ ತುಂಬಿ ಡೈರಿಯ ಮೇವಿನ ತಕ್ಕಡಿಯಲ್ಲೋ ಅಂಗಡಿಯ ತಕ್ಕಡಿಯಲ್ಲೋ ತೂಗಿ. 75ರಿಂದ 100 ಕಿಲೋ ಬರಬೇಕು ಎಂಬುದು ನನ್ನ ಅಂದಾಜು. ಬಂದ ತೂಕ, ಕಬ್ಬಿನ ತಳಿ, ಹೊಸ ನಾಟಿಯೋ ಕೂಳೆಯೋ ಎಂಬುದನ್ನು ಬರೆದು ಕಳಿಸಿ. ಆ ಅಂಕಿ ಕೈಗೆ ಬಂದ ಮೇಲೆ ನಿಮ್ಮ ನಾಲ್ಕು ಎಕರೆಗೆ ಎಷ್ಟು ಮಣ್ಣಿಗೆ, ಎಷ್ಟು ಆಲೆಮನೆಗೆ ಎಂಬ ಲೆಕ್ಕವನ್ನು ಕೂತು ಹಾಕೋಣ.